ಸಿಗರೇಟು ಬಿಟ್ಟವರೋ, ಬಿಡದವರೋ

ನಮ್ಮ ವಾರ್ಡಿನ ಇಂಗ್ಲಿಷೇ ಬೇರೆ. ಡ್ಯೂಟಿ ಮುಗಿಸಿ ಮುಂದಿನವರಿಗೆ ಹ್ಯಾಂಡೋವರ್ ಕೊಡುವಾಗ "ಪೇಷಂಟ್ ಈಸ್ ಹ್ಯಾವಿಂಗ್ ಪೇನ್ ಸಿನ್ಸ್ ಟೂ ಡೇಸ್" ಅಂತ ಹೇಳಿದ್ರೆ ಮರಾಠಿ ಸಿಸ್ಟರಿಗೂ ಅರ್ಥ ಆಗ್ತದೆ, ಕೇರಳದ ಸಿಸ್ಟರಿಗೂ ಅರ್ಥ ಆಗ್ತದೆ, ರೌಂಡ್ಸಿಗೆ ಬರುವ ಡಾಕ್ಟ್ರುಗಳೂ ಹಾಗೇ ಮಾತಾಡೂದು. ಅದರಲ್ಲಿ ತಪ್ಪು ಹುಡುಕೂದು ನನಗೆ ಇಷ್ಟ ಇಲ್ಲ, ಯಾಕಂದ್ರೆ ಮುಂಬೈನಂಥ ಊರಲ್ಲಿ ನಾಲ್ಕು ಭಾಷೆಯವರು ಒಟ್ಟಿಗೆ ಡ್ಯೂಟಿ ಮಾಡ್ಬೇಕಾದ್ರೆ ಇಂಥದ್ದೊಂದು ಇಂಗ್ಲಿಷ್ ಬೇಕೇ ಬೇಕು. ಆದ್ರೆ ಯುಕೆಗೆ ಹೋಗ್ಲಿಕ್ಕೆ ಹೊರಟ ನರ್ಸುಗಳು ಬರೆಯುವ ಓಇಟಿ ಅನ್ನುವ ಇಂಗ್ಲಿಷ್ ಪರೀಕ್ಷೆಯಲ್ಲಿ ಇದು ನಡೆಯೂದಿಲ್ಲ. ಅಲ್ಲಿ ಒಬ್ಬ ಪೇಷಂಟಿನ ಕೇಸ್ ನೋಟ್ಸ್ ಕೊಡ್ತಾರೆ, ಓದ್ಲಿಕ್ಕೆ 5 ನಿಮಿಷ, ಬರೀಲಿಕ್ಕೆ 40 ನಿಮಿಷ, ಅಷ್ಟರಲ್ಲಿ ಇನ್ನೊಬ್ಬ ನರ್ಸಿಗೋ ಡಾಕ್ಟರಿಗೋ ಒಂದು ಪತ್ರ ತಯಾರಾಗ್ಬೇಕು.

ಕಳೆದ ಭಾನುವಾರ ಚಿಕ್ಕಮ್ಮನ ಮಗಳು ಈ ಪತ್ರದ ಅಭ್ಯಾಸವನ್ನೇ ಹಿಡ್ಕೊಂಡು ಡೊಂಬಿವಲಿಯ ನಮ್ಮ ಮನೆಗೆ ಬಂದಿದ್ಳು. ಸೆಂಟ್ರಲ್ ಲೈನಿನಲ್ಲಿ ಹಳಿ ರಿಪೇರಿಯ ಮೆಗಾ ಬ್ಲಾಕ್, ಲೋಕಲ್ ರೈಲು ಎಲ್ಲ ತಡ, ಮನೆ ಮುಟ್ಟುವಾಗ ಊಟದ ಹೊತ್ತು. ಊಟ ಆದ ಮೇಲೆ ಫ್ಯಾನಿನ ಕೆಳಗೆ ಚಾಪೆ ಹಾಕಿ ಕೂತ್ವಿ. ಅವಳ ಇಂಗ್ಲಿಷ್ ಒಳ್ಳೇದೇ ಉಂಟು, ಶಬ್ದಗಳೆಲ್ಲ ಗೊತ್ತು, ಹನ್ನೆರಡು ಟೆನ್ಸಿನ ಚಾರ್ಟು ಬಾಯಿಪಾಠ. ಆದ್ರೂ ಪತ್ರ ಬರೆಯುವಾಗ ಪ್ರತಿ ಕ್ರಿಯಾಪದದ ಹತ್ರ ಪೆನ್ನು ನಿಲ್ತಿತ್ತು.

ಯಾಕೆ ಅಂತ ನೋಡಿದ್ರೆ ಕೇಸ್ ನೋಟ್ಸಿನಲ್ಲಿ ಕ್ರಿಯಾಪದವೇ ಇರೂದಿಲ್ಲ, ನಮ್ಮ ಫೈಲಿನಲ್ಲಿ ಶುಗರ್ ಇರುವ ಪೇಷಂಟ್ ಅನ್ಲಿಕ್ಕೆ "ಕೆ/ಸಿ/ಓ ಡಿಎಂ" ಅಂತ ಗೀಚಿ ಬಿಡ್ತೇವಲ್ಲ, ಹಾಗೆ. ಆ ದಿನದ ಪೇಷಂಟ್ ಹಾರ್ಟ್ ಅಟ್ಯಾಕ್ ಆಗಿ ಡಿಸ್ಚಾರ್ಜ್ ಆಗ್ತಿರುವ ಒಬ್ಬ ಅಜ್ಜ. ನೋಟ್ಸಿನಲ್ಲಿ "ಸ್ಮೋಕರ್, 20 ಪರ್ ಡೇ, 30 ಇಯರ್ಸ್" ಅಂತ ಮಾತ್ರ ಇತ್ತು. ಇವಳು ಬರೆದದ್ದು "ಹೀ ಸ್ಮೋಕ್ಡ್ ಟ್ವೆಂಟಿ ಸಿಗರೆಟ್ಸ್ ಎ ಡೇ ಫಾರ್ ಥರ್ಟಿ ಇಯರ್ಸ್".

"ಈ ಅಜ್ಜ ಈಗ ಸೇದ್ತಾರಾ, ಬಿಟ್ಟಿದ್ದಾರಾ?" ಅಂತ ಕೇಳಿದೆ.

"ಸೇದ್ತಾರೆ ಅಕ್ಕ, ಬಿಡಿಸ್ಲಿಕ್ಕೆ ಕೌನ್ಸೆಲಿಂಗ್ ಮಾಡ್ಬೇಕು ಅಂತ ಪ್ಲಾನಲ್ಲಿ ಉಂಟಲ್ಲ."

"ನಿನ್ನ ವಾಕ್ಯ ಓದಿದವರಿಗೆ ಮೂವತ್ತು ವರ್ಷ ಸೇದಿದ್ರು, ಈಗ ಇಲ್ಲ ಅಂತ ಅನ್ನಿಸ್ತದೆ ಮಾರಾಯ್ತಿ."

ಅವಳು ಸ್ವಲ್ಪ ಹೊತ್ತು ಆ ಸಾಲನ್ನೇ ನೋಡ್ತಾ ಕೂತ್ಳು. "ಹ್ಯಾಸ್ ಸ್ಮೋಕ್ಡ್" ಅಥವಾ "ಹ್ಯಾಸ್ ಬೀನ್ ಸ್ಮೋಕಿಂಗ್" ಅಂತ ಬರೆದ್ರೆ ಇವತ್ತಿಗೂ ಅಭ್ಯಾಸ ನಡೀತಾ ಉಂಟು ಅಂತ ಆಗ್ತದೆ, ಬರೀ "ಸ್ಮೋಕ್ಡ್" ಅಂದ್ರೆ ಕತೆ ಮುಗೀತು. ಆ ಒಂದು ಹ್ಯಾಸ್ ಬಿಟ್ಟುಹೋದ್ರೆ ಪತ್ರ ಓದುವ ನರ್ಸು ಸಿಗರೇಟಿನ ಮಾತೇ ಎತ್ತದೆ ಬಿಪಿ ನೋಡಿ ಎದ್ದು ಹೋಗ್ಬಹುದು. ನನ್ನ ಪ್ರಕಾರ ಟೆನ್ಸ್ ಕಲೀಬೇಕಾದದ್ದು ಇಲ್ಲಿಂದ, ಚಾರ್ಟಿನಿಂದ ಅಲ್ಲ.

ನಾವು ಕನ್ನಡದವರಿಗೆ ಈ ವ್ಯತ್ಯಾಸ ಗೊತ್ತಿಲ್ಲ ಅಂತ ಅಲ್ಲವೇ ಅಲ್ಲ. "ಮೂವತ್ತು ವರ್ಷ ಸೇದಿದ್ರು", "ಮೂವತ್ತು ವರ್ಷದಿಂದ ಸೇದ್ತಿದ್ದಾರೆ" ಅಂತ ನಾವೂ ಬೇರೆ ಬೇರೆ ಹೇಳ್ತೇವೆ. ಕನ್ನಡದಲ್ಲಿ ಆ ಕೆಲಸವನ್ನು "ವರ್ಷದಿಂದ" ಅನ್ನೂದೇ ಮಾಡಿ ಮುಗಿಸ್ತದೆ, ಕ್ರಿಯಾಪದ ವರ್ತಮಾನದಲ್ಲೇ ಆರಾಮಾಗಿ ಇರ್ತದೆ. ಮರಾಠಿಯಲ್ಲೂ ಹಾಗೇ, ಹಿಂದಿಯಲ್ಲೂ ಹಾಗೇ, ಅದಕ್ಕೇ "ಈಸ್ ಹ್ಯಾವಿಂಗ್ ಸಿನ್ಸ್" ಎಲ್ಲರ ಬಾಯಲ್ಲೂ ಬರೂದು. ಇಂಗ್ಲಿಷಿನವರು ಮಾತ್ರ ಅಲ್ಲಿ ಕ್ರಿಯಾಪದವನ್ನೂ ಬದಲಾಯಿಸ್ತಾರೆ.

ಪಾಸ್ಟ್ ಪರ್ಫೆಕ್ಟಿನಲ್ಲಿ, ಅಂದ್ರೆ ಹ್ಯಾಡ್ ಹಾಕಿ ಬರೆಯುವ ರೂಪದಲ್ಲಿ, ಇದು ಇನ್ನೂ ಗಟ್ಟಿ. 2019ರಲ್ಲಿ ಅಜ್ಜನಿಗೆ ಸ್ಟ್ರೋಕ್ ಆಗಿತ್ತು, ಕನ್ನಡದಲ್ಲಿ "ಆಗಿತ್ತು" ಅಂತ್ಲೇ ಹೇಳೂದು ಸಹಜ, ಹಳೇ ಸಂಗತಿ ಅಲ್ವಾ. ಅದಕ್ಕೆ ಇವಳು "ಹ್ಯಾಡ್ ಸಫರ್ಡ್ ಎ ಸ್ಟ್ರೋಕ್ ಇನ್ 2019" ಅಂತ ಬರೆದಿದ್ಳು. ಇಂಗ್ಲಿಷಿನಲ್ಲಿ ಎಷ್ಟೇ ಹಳೇದಾದ್ರೂ ಇಸವಿ ಹೇಳಿ ಸುಮ್ನೆ ಹೇಳುವಾಗ "ಸಫರ್ಡ್" ಸಾಕು. ಹ್ಯಾಡ್ ಬೇಕಾಗೂದು ಹಿಂದಿನ ಇನ್ನೊಂದು ಗಳಿಗೆಯಲ್ಲಿ ನಿಂತು ಅದಕ್ಕೂ ಹಿಂದೆ ನೋಡುವಾಗ: ಕ್ಯಾಜುವಲ್ಟಿಗೆ ಮುಟ್ಟುವಷ್ಟರಲ್ಲಿ ನೋವು ಕಡಿಮೆ ಆಗಿತ್ತು, ಅಲ್ಲಿ "ಹ್ಯಾಡ್ ಸಬ್‌ಸೈಡೆಡ್" ಸರಿ. ರೈಖೆನ್‌ಬಾಖ್ ಅಂತ ಒಬ್ರು ತತ್ತ್ವಶಾಸ್ತ್ರಜ್ಞರು 1947ರಲ್ಲಿ ಇದನ್ನು ಮೂರು ಕಾಲ ಇಟ್ಟು ವಿವರಿಸಿದ್ದಾರೆ, ಮಾತಾಡುವ ಕಾಲ, ಘಟನೆಯ ಕಾಲ, ಎಲ್ಲಿ ನಿಂತು ನೋಡ್ತೇವೋ ಆ ಕಾಲ. ನನಗೆ ಇಡೀ ವಿಷಯ ತಿಳಿಯಾದದ್ದು ಆ ಮೂರನೇದರಿಂದ. ಇವಳ ನೋಟ್‌ಬುಕ್ಕಿನಲ್ಲಿ ಒಂದು ಗೆರೆ ಎಳೆದು ಕ್ಯಾಜುವಲ್ಟಿ ಮುಟ್ಟಿದ ಗಂಟೆ, ನೋವು ಕಡಿಮೆಯಾದ ಗಂಟೆ, ಪತ್ರ ಬರೀತಿರುವ ಇವತ್ತು, ಮೂರನ್ನೂ ಗುರುತು ಮಾಡಿ ತೋರಿಸಿದೆ. ಆಮೇಲೆ ಸ್ಟ್ರೋಕಿನ ಸಾಲಿನ ಹ್ಯಾಡನ್ನು ಅವಳೇ ಹೊಡೆದು ಹಾಕಿದ್ಳು.

"ಈಸ್ ಹ್ಯಾವಿಂಗ್ ಡಯಾಬಿಟಿಸ್" ಹೋಗಿ "ಹ್ಯಾಸ್" ಆದದ್ದು ಬೇಗ ಮುಗೀತು. ಹೊತ್ತು ತಗೊಂಡದ್ದು ಇನ್ನೊಂದು. ಅಜ್ಜ ಮಗಳ ಮನೆಯಲ್ಲಿ ಇದ್ದಾರೆ. "ಲಿವ್ಸ್ ವಿತ್ ಹಿಸ್ ಡಾಟರ್" ಅಂದ್ರೆ ಅದೇ ಅವರ ಮನೆ, "ಈಸ್ ಲಿವಿಂಗ್" ಅಂದ್ರೆ ಸದ್ಯಕ್ಕೆ ಅಲ್ಲಿದ್ದಾರೆ ಅನ್ನುವ ಛಾಯೆ. ಎರಡೂ ವ್ಯಾಕರಣದಲ್ಲಿ ಸರಿಯೇ. ಆದ್ರೆ ಮುಂದಿನ ತಿಂಗಳು ಅಜ್ಜನ ಮಾತ್ರೆ ನೋಡ್ಕೊಳ್ಳುವವರು ಯಾರು ಅನ್ನೂದು ಇದರ ಮೇಲೇ ನಿಂತಿರೂದು, ಹಾಗಾಗಿ ವಾಪಸ್ ನೋಟ್ಸಿಗೆ ಹೋದ್ವಿ. "ಟೆಂಪರರಿ" ಅಂತ ಒಂದು ಮೂಲೆಯಲ್ಲಿ ಇತ್ತು. ಈಸ್ ಲಿವಿಂಗ್ ಉಳೀತು.

ಚಾ ಕುಡಿದು ಅವಳು ಇಡೀ ಪತ್ರ ಮತ್ತೆ ಬರೆದ್ಳು. ಕೊನೇ ಪ್ಯಾರಾದಲ್ಲಿ ರಿಪೋರ್ಟ್ ಬಂದ ಮೇಲೆ ಡೋಸ್ ಬದಲಾಯಿಸುವ ವಿಷಯ ಇತ್ತು, ಅಲ್ಲಿ ಹೆಚ್ಚಿನವರು "ವೆನ್ ದ ರಿಪೋರ್ಟ್ ವಿಲ್ ಕಮ್" ಅಂತ ತಪ್ಪಾಗಿ ಹಾಕ್ತಾರೆ. ನಾನು ಆ ವಿಷಯ ಇನ್ನೂ ಎತ್ತಿರ್ಲಿಲ್ಲ. ಅವಳು "ಒನ್ಸ್ ದ ರಿಪೋರ್ಟ್ ಹ್ಯಾಸ್ ಕಮ್" ಅಂತ ಬರೆದು, ಬೆರಳಿಟ್ಟು, "ಇಲ್ಲಿ ನಿಂತು ನೋಡೂದು ರಿಪೋರ್ಟ್ ಕೈಗೆ ಬಂದ ದಿನದಿಂದ ಅಲ್ವಾ ಅಕ್ಕ?" ಅಂತ ಕೇಳಿದ್ಳು. ಹೌದು ಅಂದೆ. ಮುಂದಿನ ಆಫ್ ಯಾವತ್ತು ಅಂತ ರೋಸ್ಟರ್ ನೋಡಿ ಇನ್ನೊಂದು ಕೇಸಿಗೆ ದಿನ ಗೊತ್ತು ಮಾಡಿದ್ವಿ.