ಪೊದೆ ಅಲ್ಲಾಡಿದರೆ ಹಂದಿಯೇ ಆಗಬೇಕಿಲ್ಲ

ಮಧುಗಿರಿ ಕಡೆ ಕಡ್ಲೆಕಾಯಿ ಬಲಿಯೋ ಹೊತ್ತಿಗೆ ಹಂದಿ ಕಾಟ ಶುರು. 'ರಾತ್ರಿ ನಾಡಬಂದೂಕು ತಗೊಂಡು ಹೋಗೋಣ ಬಾರಣ್ಣ' ಅಂತ ಟೀ ಅಂಗಡಿಯಲ್ಲಿ ಒಬ್ಬ ಕರೆದ. 1972ರ ವನ್ಯಜೀವಿ ಕಾಯ್ದೆ, ಜೈಲು, ಅದೆಲ್ಲ ಇದ್ದೇ ಇದೆ. ನನಗೆ ಹೆದರಿಕೆ ಕತ್ತಲಿಂದು. ಸದ್ದು ಬಂದ ಕಡೆ ಗುಂಡು ಹಾರಿಸಿಬಿಡ್ತಾರೆ; ಅಲ್ಲಿ ಸುತ್ತು ಬಳಸಿ ಬಂದ ಜೊತೆಗಾರನೇ ಇರಬಹುದು, ನೀರು ಹಾಯಿಸೋಕೆ ಬಂದ ಪಕ್ಕದ ಹೊಲದವನೂ ಇರಬಹುದು. (ತ್ರೀ ಫೇಸ್ ಕರೆಂಟ್ ಕೊಡೋದೇ ಸರಿರಾತ್ರಿಗೆ!) ಅಮೆರಿಕದಲ್ಲಿ ಬೇಟೆಗೆ ಹೋಗೋರು ಕಣ್ಣು ಕುಕ್ಕೋ ಕಿತ್ತಳೆ ಬಣ್ಣದ ಜಾಕೆಟ್ ಹಾಕ್ತಾರೆ, ಜಿಂಕೆಗೆ ಆ ಬಣ್ಣ ಎದ್ದು ಕಾಣಲ್ಲ, ಮನುಷ್ಯರಿಗೆ ದೂರದಿಂದಲೇ ಕಾಣುತ್ತೆ. ನಮ್ಮೋರು ಕರಿ ಕಂಬಳಿ ಹೊದ್ದು ಹೊರಡ್ತಾರೆ. ಗುರಿ ಯಾವುದು, ಅದರ ಹಿಂದೆ ಏನಿದೆ ಅಂತ ಕಾಣೋವರೆಗೂ ಬಂದೂಕಿನ ಕುದುರೆ (ಟ್ರಿಗರ್) ಮೇಲೆ ಬೆರಳೇ ಇಡಬಾರದು. ಬೆಳೆ ಹಾನಿಗೆ ಅರಣ್ಯ ಇಲಾಖೆಯಿಂದ ಪರಿಹಾರ ಉಂಟಲ್ಲ, ಟೀ ಅಂಗಡಿಯಲ್ಲಿ ಕರೆದವನಿಗೆ ಅರ್ಜಿ ಬರೆದುಕೊಡ್ತೀನಿ ಅಂದಿದ್ದೀನಿ.