ಅಗಸೆ ನಾರಿನ ಜಾಡು ಹಿಡಿದು: ಹಿತ್ತಿಲ ಮಡಿಯಿಂದ ನೂಲಿನ ತನಕ

ಏಪ್ರಿಲ್ 14

ಇವತ್ತು ಅಗಸೆ ಬಿತ್ತಿದೆ. ಹಿತ್ತಿಲಲ್ಲಿ ಹತ್ತಡಿ ಉದ್ದ, ಹತ್ತಡಿ ಅಗಲದ ಮಡಿ. ನಮ್ಮ ಬಿಜಾಪುರದ ಕಡೆ ಅಗಸೆ ಅಂದರೆ ಚಟ್ನಿಪುಡಿ, ಇಲ್ಲ ಎಣ್ಣೆ. ನಾನು ಬಿತ್ತಿದ್ದು ತಿನ್ನೋಕಲ್ಲ, ನೂಲೋಕೆ. ಗಿಡ ಅದೇ ಜಾತಿಯದು, ತಳಿ ಬೇರೆ. ನಮ್ಮದು ಗಿಡ್ಡ, ಕವಲು ಜಾಸ್ತಿ, ಕಾಯಿ ಜಾಸ್ತಿ. ನಾರಿನ ತಳಿ ಸೊಂಟದೆತ್ತರ ನೆಟ್ಟಗೆ ಹೋಗುತ್ತದೆ. ಒತ್ತೊತ್ತಾಗಿ ಬಿತ್ತಬೇಕು. ಜಾಗ ಸಿಕ್ಕರೆ ಗಿಡ ಪಕ್ಕಕ್ಕೆ ಕವಲೊಡೆಯುತ್ತದೆ, ಉದ್ದ ನಾರು ಸಿಗೋದಿಲ್ಲ.

ನಾವಿರೋದು ಅಮೆರಿಕದ ವರ್ಜೀನಿಯಾದ ಸ್ಟ್ಯಾಂಟನ್‌ನಲ್ಲಿ, ಶೆನಂಡೋವಾ ಕಣಿವೆಯಲ್ಲಿ. 1730ರ ದಶಕದಲ್ಲಿ ಇಲ್ಲಿಗೆ ಬಂದು ನೆಲೆ ನಿಂತವರಲ್ಲಿ ತುಂಬ ಜನ ಸ್ಕಾಚ್-ಐರಿಷ್. ಸ್ಕಾಟ್ಲೆಂಡಿನಿಂದ ಐರ್ಲೆಂಡಿನ ಉತ್ತರ ಭಾಗ ಅಲ್ಸ್ಟರ್‌ಗೆ ಹೋಗಿ, ಅಲ್ಲಿ ಎರಡು ಮೂರು ತಲೆಮಾರು ಬದುಕಿ, ಆಮೇಲೆ ಕಡಲು ದಾಟಿದವರು. ನಮ್ಮೂರ ಫ್ರಾಂಟಿಯರ್ ಕಲ್ಚರ್ ಮ್ಯೂಸಿಯಂನಲ್ಲಿ ಅವರ ಒಂದು ಮನೆ ಇದೆ. ಅಲ್ಸ್ಟರ್‌ನ ಟೈರೋನ್ ಕೌಂಟಿಯ ಡ್ರಮ್‌ಕ್ವಿನ್ ಎಂಬ ಊರಿಂದ ಬಿಚ್ಚಿ ತಂದು ಮತ್ತೆ ಕಟ್ಟಿದ್ದು. ಆ ಮನೆಯ ಒಳಗೆ ನಿಂತಾಗಲೇ ನನಗೆ ಈ ಆಸೆ ಹುಟ್ಟಿದ್ದು. ಗಡಿಸೀಮೆಯ ಸ್ಕಾಚ್-ಐರಿಷ್ ಅಂದರೆ ಎಲ್ಲರೂ ಕೊಡಲಿ, ಬಂದೂಕು, ಮರದ ದಿಮ್ಮಿಯ ಮನೆ ಅನ್ನುತ್ತಾರೆ. ಅಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ರಾಟೆ. ಅವರ ಮೈ ಮುಚ್ಚಿದ್ದು ಅದು ತಾನೆ? ಆ ಬಟ್ಟೆ ಹೇಗೆ ಬಂತು ಅಂತ ನನ್ನ ಕೈಯಿಂದಲೇ ತಿಳಿಯಬೇಕು.

ಮೇ 3

ಎಲ್ಲ ಕಡೆ ಮೊಳಕೆ. ಎರಡು ಬಾರಿ ಕಳೆ ಕಿತ್ತೆ. ಬೇರೇನೂ ಇಲ್ಲ.

ಜೂನ್ 10

ಹೂ ಬಿಟ್ಟಿದೆ! ತಿಳಿ ನೀಲಿ. ಬೆಳಿಗ್ಗೆ ಅರಳಿ ಮಧ್ಯಾಹ್ನದ ಹೊತ್ತಿಗೆ ಎಸಳು ಉದುರಿಸಿಬಿಡುತ್ತದೆ. ಮರುದಿನ ಹೊಸ ಹೂ. ಆಫೀಸಿಗೆ ಹೋಗುವ ಮೊದಲು ಹತ್ತು ನಿಮಿಷ ಅಲ್ಲೇ ಸುಮ್ನೆ ನಿಲ್ಲುತ್ತೇನೆ.

ಈ ವಾರ ಪೂರ್ತಿ ಓದಿದ್ದು ಅಗಸೆ ವ್ಯಾಪಾರದ ಬಗ್ಗೆ. ಇದನ್ನು ಬರೆಯದೆ ಇರಲಾರೆ.

1699ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟು ಐರ್ಲೆಂಡಿನ ಉಣ್ಣೆ ಬಟ್ಟೆ ಹೊರದೇಶಕ್ಕೆ ಹೋಗದಂತೆ ಕಾನೂನು ಮಾಡಿತು. ಲಿನನ್‌ಗೆ, ಅಂದರೆ ಅಗಸೆ ನಾರಿನ ಬಟ್ಟೆಗೆ, ಮಾತ್ರ ಉತ್ತೇಜನ ಕೊಟ್ಟರು. ಹೀಗಾಗಿ ಅಲ್ಸ್ಟರ್‌ನಲ್ಲಿ ಮನೆಮನೆಗೂ ರಾಟೆ, ಮಗ್ಗ ಬಂದವು. ಒಂದು ತುಂಡು ಗೇಣಿ ಜಮೀನು, ಅದರಲ್ಲಿ ಓಟ್ಸ್, ಆಲೂಗಡ್ಡೆ, ಸ್ವಲ್ಪ ಅಗಸೆ. ಹೆಂಗಸರು ನೂಲುವವರು, ಗಂಡಸರು ನೇಯುವವರು. ಗೇಣಿ ಕಟ್ಟಲು ಆಗುತ್ತಿದ್ದದ್ದೇ ಆ ಬಟ್ಟೆಯಿಂದ.

ಮೃದುವಾದ ನಾರು ಬೇಕಾದರೆ ಬೀಜ ಪೂರ್ತಿ ಬಲಿಯುವ ಮೊದಲೇ ಗಿಡ ಕೀಳಬೇಕು. ಕಿತ್ತರೆ ಮುಂದಿನ ವರ್ಷಕ್ಕೆ ಬಿತ್ತನೆ ಬೀಜ ಇರೋದಿಲ್ಲ. ಆ ಬೀಜ ಎಲ್ಲಿಂದ ತರಿಸುತ್ತಿದ್ದರು ಗೊತ್ತಾ? ಅಮೆರಿಕದ ವಸಾಹತುಗಳಿಂದಲೂ ತರಿಸುತ್ತಿದ್ದರು. ಚಳಿಗಾಲದಲ್ಲಿ ಫಿಲಡೆಲ್ಫಿಯಾದಿಂದ ಪೀಪಾಯಿಗಟ್ಟಲೆ ಅಗಸೆ ಬೀಜ ತುಂಬಿದ ಹಡಗುಗಳು ಲಂಡನ್‌ಡೆರಿ, ಬೆಲ್‌ಫಾಸ್ಟ್, ನ್ಯೂರಿ ಬಂದರುಗಳಿಗೆ ಹೋಗುತ್ತಿದ್ದವು. ವಾಪಸ್ ಬರುವಾಗ ಅದೇ ಹಡಗುಗಳಲ್ಲಿ ಜನ. ಹೋಗುವಾಗ ಬೀಜ, ಬರುವಾಗ ಸಂಸಾರ. ನನ್ನ ಮಡಿಯ ಗಿಡ ನೋಡಿದಾಗಲೆಲ್ಲ ಇದೇ ನೆನಪಾಗುತ್ತದೆ.

ಬಂದದ್ದಕ್ಕೆ ಬೇರೆ ಕಾರಣಗಳೂ ಇದ್ದವು. ಹಳೆಯ ಗೇಣಿ ಕರಾರು ಮುಗಿದಾಗ ಜಮೀನ್ದಾರರು ಗೇಣಿಯನ್ನು ಸಿಕ್ಕಾಪಟ್ಟೆ ಏರಿಸಿದರು. ಮಳೆ ಕೈಕೊಟ್ಟಿತು. ಅವರು ಪ್ರೆಸ್ಬಿಟೇರಿಯನ್ನರು, ಅಂದರೆ ಸರ್ಕಾರದ ಅಧಿಕೃತ ಚರ್ಚಿಗೆ ಸೇರದ ಪ್ರೊಟೆಸ್ಟೆಂಟ್ ಪಂಗಡದವರು; 1704ರ ಕಾನೂನು ಅವರನ್ನು ಸರ್ಕಾರಿ ಹುದ್ದೆಗಳಿಂದ ದೂರ ಇಟ್ಟಿತು. 1717ರ ಹೊತ್ತಿಗೆ ದೊಡ್ಡ ಗುಂಪುಗಳು ಹೊರಟವು. 1775ರ ತನಕ ಒಂದು ಲಕ್ಷಕ್ಕೂ ಜಾಸ್ತಿ ಜನ ಬಂದರು. 1770ರ ನಂತರ ಲಿನನ್ ವ್ಯಾಪಾರ ಕುಸಿದಾಗ ಕೊನೆಯ ದೊಡ್ಡ ಅಲೆ.

ಜುಲೈ 11

ಅರ್ಧ ಮಡಿ ಕಿತ್ತೆ. ಅಗಸೆಯನ್ನು ಕೊಯ್ಯಬಾರದು, ಬೇರುಸಮೇತ ಕೀಳಬೇಕು. ನಾರು ಬೇರಿನವರೆಗೂ ಇರುತ್ತದೆ, ಕೊಯ್ದರೆ ಅಷ್ಟುದ್ದ ನಷ್ಟ. ಉಳಿದರ್ಧ ಬೀಜಕ್ಕೆ ಬಿಟ್ಟಿದ್ದೇನೆ. ಬೊಗಸೆ ಗಾತ್ರದ ಕಟ್ಟು, ಒಟ್ಟು ಮೂವತ್ತೆಂಟು. ನಡು ಹಿಡಿದುಕೊಂಡಿದೆ. ಆ ಅಲ್ಸ್ಟರ್‌ನವರು ಕಾಲು ಎಕರೆ, ಅರ್ಧ ಎಕರೆ ಕೀಳುತ್ತಿದ್ದರಲ್ಲ, ಬಗ್ಗಿದವರು ಯಾವಾಗ ಏಳುತ್ತಿದ್ದರೋ.

ಜುಲೈ 24

ಕೊಳೆಹಾಕುವ ಕೆಲಸ ಮುಗಿಯಿತು. ಒಂದು ತಪ್ಪೂ ಆಯಿತು.

ಕಾಂಡವನ್ನು ನೀರಲ್ಲಿ ಮುಳುಗಿಸಿ ಕಲ್ಲು ಹೇರಬೇಕು. ಕಾಂಡಕ್ಕೆ ನಾರನ್ನು ಅಂಟಿಸಿದ ಗೋಂದು ಕೊಳೆತು ಕರಗುತ್ತದೆ. ಅಲ್ಸ್ಟರ್‌ನಲ್ಲಿ ಇದಕ್ಕೆಂದೇ ಹೊಂಡ ತೋಡುತ್ತಿದ್ದರು. ನಾಲ್ಕು ದಿನಕ್ಕೆ ಹಿತ್ತಿಲೆಲ್ಲ ನಾತ. ವಿಡಿಯೋ ಕಾಲ್‌ನಲ್ಲಿ ತೋರಿಸಿದಾಗ ಅವ್ವ ಅಂದಳು: "ಇದು ನಮ್ಮ ಪುಂಡಿ ನಾರ ತೆಗದಂಗನ ಐತಲ್ಲ." ಹೌದು! ಅಜ್ಜ ಪುಂಡಿ ಕಟ್ಟಿಗೆಯನ್ನು ಹಳ್ಳದ ನೀರಲ್ಲಿ ಒತ್ತಿಟ್ಟು, ನಾರು ಸುಲಿದು, ಹಗ್ಗ ಹೊಸೆಯುತ್ತಿದ್ದ. ಅದೇ ನಾತ, ಅದೇ ಜಾರು. ಕೈ ಹಾಕಿದ ಕೂಡಲೇ ನನ್ನ ಬೆರಳಿಗೆ ಅದು ಗುರುತು ಸಿಕ್ಕಿತು.

ಮೊದಲ ತೊಟ್ಟಿ ಚೆನ್ನಾಗಿ ಬಂತು. ಎರಡನೆಯದನ್ನು ಎರಡು ದಿನ ಜಾಸ್ತಿ ಬಿಟ್ಟೆ. ಬಿಸಿಲು ಬೇರೆ ಜೋರಿತ್ತು. ನಾರೇ ಕೊಳೆತು, ಎಳೆದರೆ ಪಟ್ ಅಂತ ಹರಿಯುತ್ತದೆ. ಹನ್ನೆರಡು ಕಟ್ಟು ಹೋದವು. ಇನ್ನು ಮುಂದೆ ದಿನಕ್ಕೆರಡು ಸಲ ಒಂದು ಕಡ್ಡಿ ತೆಗೆದು ಮುರಿದು ನೋಡಬೇಕು.

ಸೆಪ್ಟೆಂಬರ್ 20

ಒಣಗಿದ ಕಾಂಡ ಮುರಿಯುವ ಉಪಕರಣ ಮಾಡಿದೆ. ದೊಡ್ಡ ಅಡಕತ್ತರಿ ಅಂದುಕೊಳ್ಳಿ, ಆದರೆ ಪೂರ್ತಿ ಮರದ್ದು. ಕೆಳಗೆ ಮೂರು ಹಲಗೆ, ಮೇಲೆ ಎರಡು, ಒಂದರ ಸಂದಿಗೆ ಇನ್ನೊಂದು ಕೂರುತ್ತದೆ. ಟಕಟಕ ಅಂತ ಕುಟ್ಟುತ್ತ ಹೋದರೆ ಒಳಗಿನ ಕಡ್ಡಿ ಪುಡಿಯಾಗಿ ಉದುರುತ್ತದೆ. ಆಮೇಲೆ ಮರದ ಕತ್ತಿಯಿಂದ ಹೊಡೆದು ಜಾಡಿಸಬೇಕು. ಕೊನೆಗೆ ಮೊಳೆ ಹೊಡೆದ ಹಲಗೆಯ ಮೇಲೆ ಬಾಚಬೇಕು, ಹಣಿಗೆಯಲ್ಲಿ ತಲೆ ಬಾಚಿದಂತೆ. ಉದ್ದ ನಾರು ಕೈಯಲ್ಲಿ ಉಳಿಯುತ್ತದೆ, ಸಿಕ್ಕು ಮೊಳೆಯಲ್ಲಿ ಉಳಿಯುತ್ತದೆ. ಆ ಸಿಕ್ಕನ್ನೂ ಬಿಸಾಡುತ್ತಿರಲಿಲ್ಲ. ಚೀಲಕ್ಕೆ, ಒರಟು ಅಂಗಿಗೆ ಅದೇ.

ಉದ್ದ ನಾರು 170 ಗ್ರಾಂ, ಸಿಕ್ಕು 290 ಗ್ರಾಂ. ಬೆಳ್ಳಗೆ ಹೊಳೆಯುವ ಕೂದಲಿನ ಜಡೆ ಥರ ಇದೆ. ಮಗಳು ಕೆನ್ನೆಗೆ ಒತ್ತಿಕೊಂಡು ಕೂತಳು.

ಅಕ್ಟೋಬರ್ 5

ಇಲ್ಲಿಂದ ಸ್ವಲ್ಪ ದೂರದ ಫೋರ್ಟ್ ಡಿಫೈಯನ್ಸ್‌ಗೆ ಹೋಗಿದ್ದೆವು. ಅಲ್ಲಿ ಅಗಸ್ಟಾ ಕಲ್ಲಿನ ಚರ್ಚ್ ಇದೆ. ಆಂಟ್ರಿಮ್ ಕೌಂಟಿಯಿಂದ ಬಂದ ಪಾದ್ರಿ ಜಾನ್ ಕ್ರೇಗ್ ಕಾಲದ್ದು, 1749ರಲ್ಲಿ ಮುಗಿದದ್ದು. ಗಾರೆಗೆ ಬೇಕಾದ ಮರಳನ್ನು ಹೆಂಗಸರು ನದಿಯಿಂದ ಕುದುರೆ ಮೇಲೆ ಹೇರಿ ತಂದರು ಅಂತ ಹೇಳುತ್ತ ಬಂದಿದ್ದಾರೆ. ಆ ಗೋಡೆ ಮುಟ್ಟಿದಾಗ ರಾಟೆ ತುಳಿದ ಅದೇ ಕಾಲು, ನಾರು ಬಾಚಿದ ಅದೇ ಕೈ ನೆನಪಾಯಿತು.

ಆದರೆ ಒಂದು ಮಾತನ್ನು ಬಿಟ್ಟು ಈ ಕಥೆ ಹೇಳೋದು ಸರಿಯಲ್ಲ. ಇವರು ಬಂದ ನೆಲ ಖಾಲಿ ಇರಲಿಲ್ಲ. ಪೆನ್ಸಿಲ್ವೇನಿಯಾದ ಅಧಿಕಾರಿಗಳು ಇವರನ್ನು ಬೇಕಂತಲೇ ಗಡಿಯಲ್ಲಿ ಕೂರಿಸಿದರು, ಮೂಲನಿವಾಸಿಗಳಿಗೂ ಹಳೆಯ ಊರುಗಳಿಗೂ ನಡುವೆ ಬೇಲಿಯ ಹಾಗೆ. ದಾಳಿಯಲ್ಲಿ ಈ ಕುಟುಂಬಗಳೂ ಸತ್ತವು. ಆದರೆ 1763ರ ಡಿಸೆಂಬರ್‌ನಲ್ಲಿ ಅದೇ ಪೆನ್ಸಿಲ್ವೇನಿಯಾದ ಪ್ಯಾಕ್ಸ್‌ಟನ್‌ ಎಂಬ ಊರಿನ ಗುಂಪು ಯಾರ ತಂಟೆಗೂ ಹೋಗದೆ ಬದುಕುತ್ತಿದ್ದ ಕಾನೆಸ್ಟೋಗಾ ಮೂಲನಿವಾಸಿಗಳಲ್ಲಿ 20 ಮಂದಿಯನ್ನು ಕೊಂದಿತು. ಅದರಲ್ಲಿ ಮಕ್ಕಳೂ ಇದ್ದರು. ಕೊಂದವರಲ್ಲಿ ಹೆಚ್ಚಿನವರು ಸ್ಕಾಚ್-ಐರಿಷ್. ಗೇಣಿಗೆ ಹೆದರಿ ಊರು ಬಿಟ್ಟವರು ಇನ್ನೊಬ್ಬರ ಊರು ಕಿತ್ತುಕೊಂಡರು. ನೂಲನ್ನು ಮೆಚ್ಚುವ ನಾನು ಇದನ್ನೂ ಬರೆಯಬೇಕು.

ನವೆಂಬರ್ 16

ಕಡೆಗೂ ನೂಲು ಬಂತು! ಕಾಲಲ್ಲಿ ತುಳಿಯುವ ರಾಟೆಯನ್ನು ಗೆಳತಿಯೊಬ್ಬರು ಎರವಲು ಕೊಟ್ಟರು. ಹತ್ತಿಯ ಹಂಜಿ ಎಳೆದಂತೆ ಇದನ್ನು ಎಳೆಯೋಕಾಗಲ್ಲ. ನಾರು ಹಿಗ್ಗೋದಿಲ್ಲ. ಕೋಲಿಗೆ ಸಡಿಲವಾಗಿ ಸುತ್ತಿ, ನಾಲ್ಕಾರು ಎಳೆ ಮಾತ್ರ ಬಿಡಿಸುತ್ತ, ಬೆರಳನ್ನು ನೀರಲ್ಲಿ ಅದ್ದುತ್ತ ನೂಲಬೇಕು. ಒದ್ದೆ ಬೆರಳು ತಾಗಿದ ಕೂಡಲೇ ನೂಲು ನುಣ್ಣಗಾಗುತ್ತದೆ. ಮೊದಲ ವಾರ ಬರೀ ಗಂಟು. ಈಗ ಸಂಜೆಗೆ ಒಂದು ಗಂಟೆ ಕೂತರೆ ಎಂಟು ಗ್ರಾಂ ಆಗುತ್ತದೆ. ಒಂದು ಅಂಗಿಗೆ ಎಷ್ಟು ಸಂಜೆ ಬೇಕು, ಲೆಕ್ಕ ಹಾಕಿ ನೋಡಿ. ಮನೆತುಂಬ ಮಕ್ಕಳಿದ್ದರೆ?

ಗಡಿಸೀಮೆಯಲ್ಲಿ ಬರೀ ಲಿನನ್ ಬಟ್ಟೆ ಸಾಲುತ್ತಿರಲಿಲ್ಲ, ಚಳಿ. ಹಾಸು ಅಗಸೆಯದು, ಹೊಕ್ಕು ಉಣ್ಣೆಯದು. ಲಿನ್ಸಿ-ವೂಲ್ಸಿ ಅಂತ ಅದರ ಹೆಸರು. ಅಗಸೆ ಗಟ್ಟಿ, ಉಣ್ಣೆ ಬೆಚ್ಚಗೆ. ಕುರಿ ಕಡಿಮೆ ಇದ್ದ ಮನೆಗೂ ಉಣ್ಣೆ ಸ್ವಲ್ಪದರಲ್ಲೇ ಸಾಲುತ್ತಿತ್ತು. ಚಳಿಗಾಲದಲ್ಲಿ ಅಂಥದ್ದೇ ಒಂದು ಗೇಣಗಲದ ಪಟ್ಟಿ ನೇಯುತ್ತೇನೆ. ಪಕ್ಕದ ಹೊಲದವರು ಎರಡು ಕುರಿಯ ಉಣ್ಣೆ ಕೊಡುತ್ತೇನೆ ಅಂದಿದ್ದಾರೆ.

ಬೀಜಕ್ಕೆ ಬಿಟ್ಟ ಅರ್ಧದಿಂದ 310 ಗ್ರಾಂ ಸಿಕ್ಕಿದೆ. 120 ಗ್ರಾಂ ಬಟ್ಟೆಚೀಲಕ್ಕೆ ಹಾಕಿ, ಮೇಲೆ 'ಏಪ್ರಿಲ್' ಅಂತ ಬರೆದಿಟ್ಟೆ. ಉಳಿದದ್ದನ್ನು ಅವ್ವ ಹೇಳಿದ ಹಾಗೆ ಸಣ್ಣ ಉರಿಯಲ್ಲಿ ಹುರಿದು, ಬೆಳ್ಳುಳ್ಳಿ, ಖಾರ, ಉಪ್ಪು ಹಾಕಿ ಕುಟ್ಟಿದೆ. ರಾಟೆ ಕೊಟ್ಟ ಗೆಳತಿಗೆ ಒಂದು ಡಬ್ಬಿ ಕೊಟ್ಟು ಬಂದೆ.