ಹೊಸ ಬ್ಯಾಟರಿ ಹಾಕಿಸುವ ಮುಂಚೆ ಅರ್ಥಿಂಗ್ ನೋಡಿ

ಹಳೇ ಅಂಬಾಸಿಡರ್, ಪದ್ಮಿನಿ, ಹೆರಾಲ್ಡ್ ಇಟ್ಟುಕೊಂಡವರ ಮನೆಯಲ್ಲಿ ಪದೇ ಪದೇ ಆಗುವ ಕಥೆ ಒಂದೇ. ಭಾನುವಾರ ಚೆನ್ನಾಗಿ ಓಡಿದ ಗಾಡಿ ಮುಂದಿನ ಶನಿವಾರ ಸೆಲ್ಫ್ ಹೊಡೆದರೆ 'ಟಕ್' ಅಂತ ಒಂದೇ ಸದ್ದು ಮಾಡಿ ಸುಮ್ಮನಾಗುತ್ತದೆ. ಅಂಗಡಿಗೆ ಹೋದರೆ ಹೊಸ ಬ್ಯಾಟರಿ. ಮೂರು ತಿಂಗಳಿಗೆ ಮತ್ತೆ ಅದೇ ಪಾಡು, ಆಗ ಆಲ್ಟರ್ನೇಟರ್ (ಇಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಯಂತ್ರ) ಬದಲಾವಣೆ. ಅದಾದ ಮೇಲೂ ರೋಗ ಹೋಗುವುದಿಲ್ಲ, ಯಾಕೆಂದರೆ ಇಷ್ಟು ಹೊತ್ತಿಗೂ ಯಾರೂ ಏನನ್ನೂ ಅಳೆದಿರುವುದಿಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯ ಯಾವುದೇ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಸಿಗುವ ಮಾಮೂಲಿ ಡಿಜಿಟಲ್ ಮಲ್ಟಿಮೀಟರ್, ಒಂದು ಜೊತೆ ಮೊಸಳೆ ಕ್ಲಿಪ್, ಎರಡು ಮೀಟರ್ ವೈರ್ ಇದ್ದರೆ ಸಾಕು, ಅರ್ಧ ದಿನದಲ್ಲಿ ತಪ್ಪು ಎಲ್ಲಿದೆ ಅಂತ ಗೊತ್ತಾಗುತ್ತದೆ.

ಕೈ ಹಾಕುವ ಮುಂಚೆ ಉಂಗುರ, ಕಡಗ ತೆಗೆದಿಡಿ. ಬ್ಯಾಟರಿಯ ಯಾವ ತುದಿ ಗಾಡಿಯ ಬಾಡಿಗೆ ಸೇರಿದೆ ಅಂತಲೂ ನೋಡಿ, ಆ ಜೋಡಣೆಯನ್ನೇ ಅರ್ಥ್ ಅನ್ನೋದು. ಹಳೇ ಬ್ರಿಟಿಷ್ ವಿನ್ಯಾಸದ ಹಲವು ಗಾಡಿಗಳಲ್ಲಿ ಪಾಸಿಟಿವ್ ಬಾಡಿಗೆ ಹೋಗಿರುತ್ತದೆ. ಕೆಳಗೆ ಬರೆದಿರುವುದೆಲ್ಲ ನೆಗೆಟಿವ್ ಅರ್ಥ್ ಗಾಡಿಯ ಲೆಕ್ಕ.

ಮೊದಲು ಬ್ಯಾಟರಿ. ಗಾಡಿ ಓಡಿಸಿ ಬಂದ ತಕ್ಷಣ ಅಳೆದರೆ ಮೀಟರ್ ಸುಳ್ಳು ಹೇಳುತ್ತದೆ. ಪ್ಲೇಟ್‌ಗಳ ಮೇಲ್ಮೈಯಲ್ಲಿ ಉಳಿದ ಚಾರ್ಜ್‌ನಿಂದ 13 ವೋಲ್ಟ್ ಕೂಡ ತೋರಿಸಬಹುದು. ರಾತ್ರಿಯೆಲ್ಲ ಬಿಟ್ಟು ಬೆಳಿಗ್ಗೆ ಅಳೆಯಿರಿ. ಅಷ್ಟು ಸಮಯ ಇಲ್ಲದಿದ್ದರೆ ಎರಡು ನಿಮಿಷ ಹೆಡ್‌ಲೈಟ್ ಉರಿಸಿ, ಆರಿಸಿ, ಹತ್ತು ನಿಮಿಷ ಬಿಟ್ಟು ನೋಡಿ. 12.6 ಅಥವಾ 12.7 ಇದ್ದರೆ ಪೂರ್ತಿ ತುಂಬಿದೆ, 12.4 ಅಂದರೆ ಮುಕ್ಕಾಲು, 12.2 ಅಂದರೆ ಅರ್ಧ. 12ಕ್ಕೆ ಬಂದಿದ್ದರೆ ಹೆಚ್ಚುಕಡಿಮೆ ಖಾಲಿ. ಚಾರ್ಜ್‌ಗೆ ಹಾಕಿದ ಮೇಲೂ 10.5ರ ಸುತ್ತಮುತ್ತಲೇ ನಿಂತರೆ ಆರು ಸೆಲ್‌ಗಳಲ್ಲಿ ಒಂದು ಹೋಗಿದೆ. ಒಂದೊಂದು ಸೆಲ್‌ಗೆ 2.1 ವೋಲ್ಟ್, ಲೆಕ್ಕ ಸರಿಯಾಗಿ ಕೂಡುತ್ತದೆ. ಅಂಥ ಬ್ಯಾಟರಿಗೆ ಔಷಧ ಇಲ್ಲ.

ವೋಲ್ಟೇಜ್ ಸರಿ ಇದ್ದ ಮಾತ್ರಕ್ಕೆ ಬ್ಯಾಟರಿಗೆ ದಮ್ಮಿದೆ ಅಂತಲ್ಲ. ಕಾಯಿಲ್‌ನಿಂದ ಡಿಸ್ಟ್ರಿಬ್ಯೂಟರ್‌ಗೆ ಹೋಗುವ ದಪ್ಪ ವೈರ್ ಬಿಚ್ಚಿ ಬಾಡಿಗೆ ಗಟ್ಟಿಯಾಗಿ ಮುಟ್ಟಿಸಿಡಿ, ಆಗ ಇಂಜಿನ್ ಸ್ಟಾರ್ಟ್ ಆಗುವುದಿಲ್ಲ. ಇನ್ನೊಬ್ಬರಿಗೆ ಐದು ಸೆಕೆಂಡ್ ಸೆಲ್ಫ್ ಹೊಡೆಯಲು ಹೇಳಿ ಬ್ಯಾಟರಿ ಕಂಬಗಳ (ಕ್ಲಾಂಪ್ ಕೂರುವ ಸೀಸದ ಟರ್ಮಿನಲ್‌ಗಳು) ಮೇಲೆ ಮೀಟರ್ ಹಿಡಿಯಿರಿ. 9.6ಕ್ಕಿಂತ ಕೆಳಗೆ ಬೀಳಬಾರದು. 10ರ ಮೇಲೆ ನಿಂತರೆ ಒಳ್ಳೆಯದು. ನಿಂತಾಗ 12.6 ತೋರಿಸಿ ಸೆಲ್ಫ್ ಹೊಡೆದಾಗ 8ಕ್ಕೆ ಕುಸಿಯುವ ಬ್ಯಾಟರಿಯನ್ನು ನಂಬಬೇಡಿ. ಮುಚ್ಚಳ ಬಿಚ್ಚುವಂಥದ್ದಾದರೆ ಆಸಿಡ್‌ನ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಹಾಕಿ. ಆರು ಸೆಲ್‌ಗಳ ಅಂಕಿ ಹತ್ತಿರ ಹತ್ತಿರ ಇರಬೇಕು. ಒಂದೇ ಒಂದು ಸೆಲ್ 0.050ಕ್ಕಿಂತ ಹೆಚ್ಚು ಹಿಂದೆ ಬಿದ್ದಿದ್ದರೆ ತಪ್ಪು ಅಲ್ಲೇ.

ಬ್ಯಾಟರಿ ಪಾಸ್ ಆಯಿತು ಅಂದುಕೊಳ್ಳಿ. ಈಗ ಇಂಜಿನ್ ಸ್ಟಾರ್ಟ್ ಮಾಡಿ, ಮಧ್ಯಮ ವೇಗದಲ್ಲಿ ಇಟ್ಟು, ಮತ್ತೆ ಬ್ಯಾಟರಿ ಕಂಬಗಳ ಮೇಲೇ ಅಳೆಯಿರಿ. ಆಲ್ಟರ್ನೇಟರ್ ಗಾಡಿಯಲ್ಲಿ 13.8ರಿಂದ 14.4 ಬರಬೇಕು. ಹೆಡ್‌ಲೈಟ್, ವೈಪರ್ ಹಾಕಿದ ಮೇಲೂ 13.5ರ ಮೇಲೆ ನಿಲ್ಲಬೇಕು. 14.8 ದಾಟಿದರೆ ಬ್ಯಾಟರಿ ಕುದಿಯುತ್ತದೆ, ಡಿಸ್ಟಿಲ್ಡ್ ವಾಟರ್ ವಾರವಾರ ಕಮ್ಮಿಯಾಗುತ್ತದೆ, ಬಲ್ಬ್‌ಗಳು ಬೇಗ ಬೇಗ ಸುಡುತ್ತವೆ. ಆಗ ಚಾರ್ಜಿಂಗ್ ವೋಲ್ಟೇಜನ್ನು ಹಿಡಿತದಲ್ಲಿಡುವ ರೆಗ್ಯುಲೇಟರ್ ಮೇಲೆ ಅನುಮಾನ ಪಡಿ. ಆದರೆ ಅದನ್ನು ಬದಲಿಸುವ ಮುಂಚೆ ಅದರ ಅರ್ಥ್ ಗಟ್ಟಿಯಿದೆಯಾ ನೋಡಿ. ಅರ್ಥ್ ಸಡಿಲವಾದರೆ ರೆಗ್ಯುಲೇಟರ್‌ಗೆ ನಿಜವಾದ ವೋಲ್ಟೇಜ್ ಕಾಣುವುದಿಲ್ಲ, ಇನ್ನೂ ಬೇಕು ಅಂತ ಏರಿಸುತ್ತಲೇ ಹೋಗುತ್ತದೆ.

13ರ ಆಸುಪಾಸಿನಲ್ಲೇ ತೂಗಾಡುತ್ತಿದ್ದರೆ? ಇಲ್ಲೇ ಎಲ್ಲರೂ ಆಲ್ಟರ್ನೇಟರ್ ಬಿಚ್ಚಿಸುವುದು. ಸ್ವಲ್ಪ ತಡೆಯಿರಿ. ಹಳೇ ಗಾಡಿಗಳಲ್ಲಿ ಯಂತ್ರಕ್ಕಿಂತ ಜೋಡಣೆ ಕೆಟ್ಟಿರುವುದೇ ಹೆಚ್ಚು. ಅದರಲ್ಲೂ ಟಿಂಕರಿಂಗ್, ಪೇಂಟಿಂಗ್ ಮಾಡಿಸಿ ಹೊಚ್ಚ ಹೊಸದರಂತೆ ಹೊಳೆಯುವ ಗಾಡಿಗಳಲ್ಲಿ. ಬಾಡಿಗೆ ಪುಟ್ಟಿ, ಪ್ರೈಮರ್, ಮೂರು ಕೋಟ್ ಬಣ್ಣ ಹೊಡೆದು, ಅದರ ಮೇಲೆಯೇ ಅರ್ಥ್ ವೈರಿನ ಬೋಲ್ಟ್ ಬಿಗಿದಿರುತ್ತಾರೆ. ನೋಡಲು ಚೊಕ್ಕ. ಕರೆಂಟ್ ಮಾತ್ರ ಬೋಲ್ಟಿನ ಮರೆಗಳ (ಥ್ರೆಡ್) ಮೂಲಕ ನುಸುಳಿಕೊಂಡು ಹೋಗಬೇಕು. ಎರಡು ಮಳೆಗಾಲ ಕಳೆಯುವುದರಲ್ಲಿ ಆ ಮರೆಗಳಿಗೂ ತುಕ್ಕು.

ಇಂಥ ಜೋಡಣೆಯನ್ನು ಓಮ್ಸ್‌ನಲ್ಲಿ ಇಟ್ಟು ಅಳೆದರೆ ಏನೂ ಸಿಗುವುದಿಲ್ಲ, ಮಾಮೂಲಿ ಮೀಟರ್ ಸೊನ್ನೆ ತೋರಿಸಿ ಸುಮ್ಮನಾಗುತ್ತದೆ. 20 ಮಿಲಿಓಮ್ ಅನ್ನೋದು ಅದರ ಕಣ್ಣಿಗೆ ಬೀಳದಷ್ಟು ಚಿಕ್ಕದು. ಆದರೆ ಅದರಲ್ಲಿ 30 ಆಂಪಿಯರ್ ಹರಿದರೆ 0.6 ವೋಲ್ಟ್ ಅಲ್ಲೇ ಕಳೆದುಹೋಗುತ್ತದೆ, 18 ವ್ಯಾಟ್ ಶಾಖ ಆ ಒಂದು ಬೋಲ್ಟಿನಲ್ಲಿ. ಆಲ್ಟರ್ನೇಟರ್ 14.2 ಕೊಟ್ಟರೂ ಬ್ಯಾಟರಿಗೆ ಸಿಗುವುದು 13.6. ಹೀಗೆ ಅರೆಹೊಟ್ಟೆಯಲ್ಲಿ ಬದುಕುವ ಬ್ಯಾಟರಿಯ ಪ್ಲೇಟ್‌ಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂತು, ವರ್ಷ ತುಂಬುವುದರೊಳಗೆ ಸಾಯುತ್ತದೆ.

ಆದ್ದರಿಂದ ಕರೆಂಟ್ ಹರಿಯುತ್ತಿರುವಾಗಲೇ ಅಳೆಯಬೇಕು. ಇಂಜಿನ್ ಸುಮಾರು 1,500 ಆರ್‌ಪಿಎಂನಲ್ಲಿರಲಿ, ಹೆಡ್‌ಲೈಟ್ ಉರಿಯುತ್ತಿರಲಿ, ಫ್ಯಾನ್ ಮತ್ತು ಬೆಲ್ಟಿನಿಂದ ಕೈ, ವೈರ್ ದೂರ ಇರಲಿ. ಮೀಟರನ್ನು ಡಿಸಿ ವೋಲ್ಟ್‌ಗೆ ಇಟ್ಟು, ಕೆಂಪು ಮೊನೆಯನ್ನು ಆಲ್ಟರ್ನೇಟರಿನ ಹಿಂದಿನ ದಪ್ಪ ಬೋಲ್ಟಿಗೆ, ಕಪ್ಪು ಮೊನೆಯನ್ನು ಬ್ಯಾಟರಿಯ ಪಾಸಿಟಿವ್ ಸೀಸದ ಕಂಬಕ್ಕೆ ಒತ್ತಿ ಹಿಡಿಯಿರಿ. ಕ್ಲಾಂಪಿಗೆ ಅಲ್ಲ, ಕಂಬಕ್ಕೇ. ಕ್ಲಾಂಪಿಗೂ ಕಂಬಕ್ಕೂ ನಡುವೆ ಬೂದುಬಣ್ಣದ ತೆಳು ಪೊರೆ ಇರುತ್ತದಲ್ಲ, ತಪ್ಪು ಎಷ್ಟೋ ಸಲ ಅಲ್ಲೇ ಅಡಗಿರುತ್ತದೆ. 0.3 ವೋಲ್ಟ್‌ಗಿಂತ ಹೆಚ್ಚು ಬರಬಾರದು. ಆಮೇಲೆ ಆಲ್ಟರ್ನೇಟರಿನ ಮೈಗೂ ಬ್ಯಾಟರಿಯ ನೆಗೆಟಿವ್ ಕಂಬಕ್ಕೂ ಹಿಡಿಯಿರಿ. ಇಲ್ಲಿ 0.2ಕ್ಕಿಂತ ಕಮ್ಮಿ ಇರಬೇಕು. ಹೆಚ್ಚು ಬಂದರೆ ದಾರಿಯನ್ನು ತುಂಡು ತುಂಡಾಗಿ ಅಳೆಯುತ್ತಾ ಹೋಗಿ: ಆಲ್ಟರ್ನೇಟರ್ ಮೈಯಿಂದ ಇಂಜಿನ್ ಬ್ಲಾಕ್, ಬ್ಲಾಕಿನಿಂದ ಬಾಡಿ, ಬಾಡಿಯಿಂದ ಅರ್ಥ್ ಕೇಬಲ್‌ನ ಲಗ್ (ಬೋಲ್ಟಿಗೆ ಸೇರುವ ತುದಿಯ ಬಳೆ), ಲಗ್‌ನಿಂದ ಕ್ಲಾಂಪ್, ಕ್ಲಾಂಪಿನಿಂದ ಕಂಬ. ಯಾವ ತುಂಡಿನಲ್ಲಿ ಅಂಕಿ ಹಾರುತ್ತದೋ ಅದನ್ನು ಮಾತ್ರ ಬಿಚ್ಚಿ.

ಇಂಜಿನ್ ಕೂತಿರುವುದು ರಬ್ಬರ್ ಮೌಂಟಿಂಗ್ ಮೇಲೆ ಅನ್ನೋದನ್ನು ಮರೆಯಬೇಡಿ. ಬ್ಲಾಕಿನಿಂದ ಬಾಡಿಗೆ ಹೋಗುವ ಹೆಣೆದ ತಾಮ್ರದ ಪಟ್ಟಿ ಕಿತ್ತುಹೋಗಿದ್ದರೆ ಅಥವಾ ಇಂಜಿನ್ ಕೆಲಸ ಮಾಡಿಸಿದಾಗ ಯಾರೋ ಹಾಕಲು ಮರೆತಿದ್ದರೆ, ಕರೆಂಟ್ ಬೇರೆ ದಾರಿ ಹುಡುಕುತ್ತದೆ. ಸೆಲ್ಫ್ ಹೊಡೆದಾಗ ಚೋಕ್ ಕೇಬಲ್ಲೋ ಆಕ್ಸಿಲರೇಟರ್ ಕೇಬಲ್ಲೋ ಬಿಸಿಯಾದರೆ, ಅದರ ಪ್ಲಾಸ್ಟಿಕ್ ಹೊದಿಕೆ ಕರಗಿದ್ದರೆ, ಕಾರಣ ಇದೇ. ಸೆಲ್ಫ್‌ಗೆ ಬೇಕಾದ ನೂರಕ್ಕೂ ಹೆಚ್ಚು ಆಂಪಿಯರ್ ಆ ತೆಳು ತಂತಿಯಲ್ಲಿ ಹೋಗಲು ನೋಡುತ್ತಿದೆ.

ಅರ್ಥ್ ಜಾಗವನ್ನು ಹೀಗೆ ಸರಿಮಾಡಿ. ಬೋಲ್ಟ್ ಬಿಚ್ಚಿ, ಲಗ್ ಕೂರುವಷ್ಟೇ ಅಗಲಕ್ಕೆ ಬಣ್ಣವನ್ನು ಉಪ್ಪುಕಾಗದದಲ್ಲಿ ತಿಕ್ಕಿ, ಬೆಳ್ಳಗೆ ಲೋಹ ಕಾಣುವ ತನಕ. ಲಗ್‌ನ ಎರಡೂ ಮುಖ ತಿಕ್ಕಿ, ಹಲ್ಲಿರುವ ವಾಷರ್ ಹಾಕಿ ಬಿಗಿಯಿರಿ, ಬಿಗಿದ ಮೇಲೆ ಮಾತ್ರ ವ್ಯಾಸಲೀನ್ ಸವರಿ. ಬ್ಯಾಟರಿ ಕಂಬದ ಹಸಿರು-ಬಿಳಿ ಹೂವಿನಂಥ ಪುಡಿಗೆ ಒಂದು ಲೋಟ ಬಿಸಿ ನೀರಿಗೆ ಒಂದು ಚಮಚ ಅಡುಗೆ ಸೋಡಾ ಸಾಕು. ಆ ನೀರು ಸೆಲ್ ಒಳಗೆ ಇಳಿಯದಂತೆ ನೋಡಿಕೊಳ್ಳಿ.

ದಾರಿ ಚೊಕ್ಕವಾದ ಮೇಲೂ ಚಾರ್ಜ್ ಬರದಿದ್ದರೆ ಆಲ್ಟರ್ನೇಟರ್ ನೋಡೋಣ. ಫ್ಯಾನ್ ಬೆಲ್ಟಿನ ಉದ್ದನೆಯ ಭಾಗವನ್ನು ಹೆಬ್ಬೆರಳಿನಿಂದ ಒತ್ತಿದರೆ ಸುಮಾರು 12 ಮಿಲಿಮೀಟರ್ ಬಾಗಬೇಕು. ಆಮೇಲೆ ಕೀಲಿ ತಿರುಗಿಸಿ, ಇಂಜಿನ್ ಸ್ಟಾರ್ಟ್ ಮಾಡಬೇಡಿ. ಡ್ಯಾಶ್‌ಬೋರ್ಡಿನ ಕೆಂಪು ದೀಪ ಉರಿಯಲೇಬೇಕು. ಅದು ಬರೀ ಸೂಚನೆಯಲ್ಲ, ಆ ಬಲ್ಬಿನ ಮೂಲಕ ಹೋಗುವ ಸಣ್ಣ ಕರೆಂಟೇ ಆಲ್ಟರ್ನೇಟರಿನೊಳಗೆ ತಿರುಗುವ ರೋಟರಿಗೆ ಮೊದಲ ಜೀವ ಕೊಡುವುದು. ಉರಿಯದಿದ್ದರೆ ಆಲ್ಟರ್ನೇಟರಿನ ತೆಳು ವೈರ್ ಕಳಚಿ ಬಾಡಿಗೆ ಮುಟ್ಟಿಸಿ. ಈಗ ಉರಿದರೆ ಬಲ್ಬು, ವೈರು ಸರಿ, ತಪ್ಪು ಒಳಗೆ: ಸವೆದ ಕಾರ್ಬನ್ ಬ್ರಷ್, ರೋಟರ್ ಅಥವಾ ರೆಗ್ಯುಲೇಟರ್. ಆಗಲೂ ಉರಿಯದಿದ್ದರೆ ಬಲ್ಬ್ ಹೋಗಿದೆ ಅಥವಾ ವೈರ್ ಕಡಿದಿದೆ. ಇಲ್ಲಿ ಎಲ್‌ಇಡಿ ಬಲ್ಬ್ ಹಾಕಬೇಡಿ. ಅದರಲ್ಲಿ ಹರಿಯುವ ಕರೆಂಟ್ ಸಾಲದೆ, ಜೋರಾಗಿ ರೇಸ್ ಮಾಡುವ ತನಕ ಚಾರ್ಜಿಂಗ್ ಶುರುವೇ ಆಗದಿರಬಹುದು.

ಡಯೋಡ್ (ಆಲ್ಟರ್ನೇಟರಿನ ಎಸಿಯನ್ನು ಡಿಸಿ ಮಾಡುವ ಭಾಗ) ಹೋಗಿದೆಯಾ ಅಂತ ನೋಡಲು ಇಂಜಿನ್ ಓಡುವಾಗ ಮೀಟರನ್ನು ಎಸಿ ವೋಲ್ಟ್‌ಗೆ ತಿರುಗಿಸಿ ಬ್ಯಾಟರಿ ಮೇಲೆ ಹಿಡಿಯುತ್ತಾರೆ. ಅರ್ಧ ವೋಲ್ಟ್‌ಗಿಂತ ಹೆಚ್ಚು ಬಂದರೆ ಡಯೋಡ್ ಪ್ಲೇಟ್ ಮೇಲೆ ಅನುಮಾನ. ಆದರೆ ಹಳದಿ ಬಣ್ಣದ ಅಗ್ಗದ ಡಿಟಿ-830 ಮಾದರಿಯ ಮೀಟರ್‌ಗಳು ಎಸಿಯಲ್ಲಿ ಇಟ್ಟಾಗ ಡಿಸಿಯನ್ನೂ ಎಣಿಸಿಬಿಡುತ್ತವೆ. ಮೊದಲು ಇಂಜಿನ್ ಆಫ್ ಮಾಡಿ ಬ್ಯಾಟರಿ ಮೇಲೆ ಹಾಗೇ ಹಿಡಿಯಿರಿ, ಮೊನೆಗಳನ್ನು ಅದಲುಬದಲು ಮಾಡಿಯೂ ನೋಡಿ. ಎರಡರಲ್ಲಿ ಒಂದು ಕಡೆ 25ರ ಹತ್ತಿರ ಅಂಕಿ ಬಂದರೆ ಆ ಮೀಟರ್ ಈ ಕೆಲಸಕ್ಕೆ ಬರುವುದಿಲ್ಲ. ಕೀಲಿ ತೆಗೆದ ಮೇಲೂ ಕೆಂಪು ದೀಪ ಮಂಕಾಗಿ ಉರಿಯುತ್ತಿದ್ದರೆ ಅದಕ್ಕೂ ಸಾಮಾನ್ಯವಾಗಿ ಡಯೋಡೇ ಕಾರಣ.

ಒಂದು ಕೆಟ್ಟ ಅಭ್ಯಾಸ ಇನ್ನೂ ಹೋಗಿಲ್ಲ, ಇಂಜಿನ್ ಓಡುವಾಗಲೇ ಬ್ಯಾಟರಿ ಟರ್ಮಿನಲ್ ಕಿತ್ತು 'ಗಾಡಿ ನಿಲ್ಲಲಿಲ್ಲ, ಆಲ್ಟರ್ನೇಟರ್ ಚೆನ್ನಾಗಿದೆ' ಅನ್ನೋದು. ದಯವಿಟ್ಟು ಯಾರಿಗೂ ಹಾಗೆ ಮಾಡಲು ಬಿಡಬೇಡಿ. ಬ್ಯಾಟರಿ ತಪ್ಪಿದ ಕ್ಷಣ ವೋಲ್ಟೇಜ್ ಜಿಗಿದು ಡಯೋಡ್, ರೆಗ್ಯುಲೇಟರ್ ಎರಡನ್ನೂ ಸುಡಬಹುದು. ಚೆನ್ನಾಗಿದ್ದ ಆಲ್ಟರ್ನೇಟರ್ ಆ ಪರೀಕ್ಷೆಯಲ್ಲೇ ಸಾಯುತ್ತದೆ.

ಆಲ್ಟರ್ನೇಟರ್ ಬದಲು ಹಳೇ ಕಾಲದ ಡೈನಮೋ ಇರುವ ಗಾಡಿಗಳ ಲೆಕ್ಕ ಬೇರೆ. ಐಡಲ್‌ನಲ್ಲಿ ಡೈನಮೋ ಚಾರ್ಜ್ ಮಾಡುವುದೇ ಇಲ್ಲ, ಕೆಂಪು ದೀಪ ಮಿಣುಕುವುದು ಸಹಜ. ಬೆಂಗಳೂರಿನಲ್ಲಿ ಇದೇ ದೊಡ್ಡ ತೊಂದರೆ. ಸಂಜೆ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ನಿಂತ ಗಾಡಿಯಲ್ಲಿ ಎರಡು ಹೆಡ್‌ಲೈಟ್‌ಗೆ ಏಳೂವರೆ ಆಂಪಿಯರ್, ಕಾಯಿಲ್‌ಗೆ ಮೂರು-ನಾಲ್ಕು, ಹಿಂದಿನ ದೀಪಗಳಿಗೆ ಎರಡು, ಬ್ರೇಕ್ ಒತ್ತಿ ಹಿಡಿದರೆ ಇನ್ನೂ ಮೂರೂವರೆ. ಒಟ್ಟು 16ರ ಹತ್ತಿರ. ಹೀಗೆ ಅರ್ಧ ಗಂಟೆ ನಿಂತರೆ ಎಂಟು ಆಂಪಿಯರ್-ಅವರ್ ಬ್ಯಾಟರಿಯಿಂದಲೇ ಹೋಗುತ್ತದೆ. ಸೆಲ್ಫ್ ತಿನ್ನುವುದು ಇದರ ಮುಂದೆ ಏನೂ ಅಲ್ಲ: 150 ಆಂಪಿಯರ್ ಐದು ಸೆಕೆಂಡ್ ಅಂದರೆ ಕಾಲು ಆಂಪಿಯರ್-ಅವರ್ ಕೂಡ ಆಗುವುದಿಲ್ಲ. ದಿನಾ ಊರೊಳಗೆ ಓಡಿಸುವ ಡೈನಮೋ ಗಾಡಿಗೆ ವಾರಕ್ಕೊಮ್ಮೆ ಚಾರ್ಜರ್ ಹಾಕಿ, ಇಲ್ಲವೇ ಭಾನುವಾರ ಬೆಳಿಗ್ಗೆ ನಂದಿಬೆಟ್ಟದ ಕಡೆಗೆ ಒಂದು ಉದ್ದನೆಯ ಓಟ ಕೊಡಿ.

ಲ್ಯೂಕಾಸ್ ಡೈನಮೋ ಪರೀಕ್ಷೆ ಸುಲಭ. ಡಿ (ತಿರುಗುವ ಆರ್ಮೇಚರಿನದು) ಮತ್ತು ಎಫ್ (ಫೀಲ್ಡ್ ಕಾಯಿಲಿನದು) ವೈರ್ ಎರಡನ್ನೂ ಕಳಚಿ, ಆ ಎರಡು ಟರ್ಮಿನಲ್‌ಗಳನ್ನು ಗಿಡ್ಡ ವೈರಿನಿಂದ ಜೋಡಿಸಿ. ಅಲ್ಲಿಂದ ಬಾಡಿಗೆ ಮೀಟರ್ ಹಿಡಿದು ಇಂಜಿನ್ ವೇಗವನ್ನು ನಿಧಾನವಾಗಿ 1,000 ಆರ್‌ಪಿಎಂ ತನಕ ಏರಿಸಿ. ವೋಲ್ಟೇಜ್ ಸರಸರನೆ, ತಡವರಿಸದೆ ಏರಬೇಕು. 20 ದಾಟಲು ಬಿಡಬೇಡಿ. ಏನೂ ಬರದಿದ್ದರೆ ಬ್ರಷ್ ನೋಡಿ. ಅರ್ಧದಿಂದ ಒಂದು ವೋಲ್ಟ್‌ಗೆ ನಿಂತರೆ ಫೀಲ್ಡ್ ಕಾಯಿಲ್, ನಾಲ್ಕೈದಕ್ಕೆ ನಿಂತರೆ ಆರ್ಮೇಚರ್. ಚೆನ್ನಾಗಿ ಏರಿದರೆ ಡೈನಮೋ ಗಟ್ಟಿ, ತಪ್ಪು ಕಟೌಟ್-ರೆಗ್ಯುಲೇಟರ್ ಪೆಟ್ಟಿಗೆಯಲ್ಲೋ ವೈರಿನಲ್ಲೋ (ಕಟೌಟ್ ಅಂದರೆ ಡೈನಮೋ ನಿಂತಾಗ ಅದನ್ನು ಬ್ಯಾಟರಿಯಿಂದ ಬಿಡಿಸುವ ಸ್ವಿಚ್). ಫಿಯಟ್ ಡೈನಮೋದ ಮೇಲೆ 51, 67 ಅಂತ ನಂಬರ್ ಇರುತ್ತದೆ, 51 ಆರ್ಮೇಚರ್, 67 ಫೀಲ್ಡ್. ಅದನ್ನು ಅದರದೇ ಮ್ಯಾನ್ಯುಯಲ್ ಪ್ರಕಾರ ನೋಡಿ, ಲ್ಯೂಕಾಸ್ ವಿಧಾನವನ್ನು ಹಾಗೇ ಎತ್ತಿ ಹಾಕಬೇಡಿ. ಡೈನಮೋದ ಕಮ್ಯುಟೇಟರ್ (ಬ್ರಷ್ ಉಜ್ಜುವ ತಾಮ್ರದ ಪಟ್ಟಿಗಳ ಭಾಗ) ಕಪ್ಪಾಗಿದ್ದರೆ ನಯವಾದ ಉಪ್ಪುಕಾಗದದಲ್ಲಿ ತಿಕ್ಕಿ, ಎಮರಿ ಬೇಡ. ಅದರ ಪುಡಿ ತಾಮ್ರದ ಪಟ್ಟಿಗಳ ನಡುವೆ ಕೂತು ಶಾರ್ಟ್ ಮಾಡುತ್ತದೆ.

ಚಾರ್ಜಿಂಗ್ ಎಲ್ಲ ಸರಿಯಿದ್ದು, ನಿಂತ ಗಾಡಿಯಲ್ಲೇ ಬ್ಯಾಟರಿ ಇಳಿಯುತ್ತಿದ್ದರೆ ಸೋರಿಕೆ ಹುಡುಕಿ. ಎಲ್ಲ ಸ್ವಿಚ್ ಆಫ್ ಮಾಡಿ, ನೆಗೆಟಿವ್ ಕೇಬಲ್ ಕಳಚಿ, ಕೇಬಲ್‌ಗೂ ಕಂಬಕ್ಕೂ ನಡುವೆ ಮೊದಲು 12 ವೋಲ್ಟಿನ ಚಿಕ್ಕ ಬಲ್ಬ್ ಹಾಕಿ. ಅದು ಉರಿದರೆ ಸೋರಿಕೆ ದೊಡ್ಡದಿದೆ, ಮೀಟರ್ ಹಾಕಿದರೆ ಫ್ಯೂಸ್ ಹೋದೀತು. ಉರಿಯದಿದ್ದರೆ ಬಲ್ಬ್ ತೆಗೆದು ಮೀಟರಿನ 10 ಆಂಪಿಯರ್ ತೂತಿನಲ್ಲಿ ಅಳೆಯಿರಿ, ಆಮೇಲೆ ಮೊನೆಯನ್ನು ಮತ್ತೆ ವೋಲ್ಟ್ ತೂತಿಗೆ ಬದಲಿಸಲು ಮರೆಯಬೇಡಿ. ಕಂಪ್ಯೂಟರ್ ಇಲ್ಲದ ಈ ಗಾಡಿಗಳಲ್ಲಿ ಅಂಕಿ ಸೊನ್ನೆಯ ಹತ್ತಿರವೇ ಇರಬೇಕು, ಗಡಿಯಾರ ಅಥವಾ ಹೊಸ ಸ್ಟೀರಿಯೋ ಇದ್ದರೆ ಕೆಲವು ಮಿಲಿಆಂಪಿಯರ್ ಜಾಸ್ತಿ. 200 ಮಿಲಿಆಂಪಿಯರ್ ಸೋರಿದರೆ ದಿನಕ್ಕೆ 4.8 ಆಂಪಿಯರ್-ಅವರ್, 35 ಆಂಪಿಯರ್-ಅವರ್‌ನ ಬ್ಯಾಟರಿ ನಾಲ್ಕು ದಿನದೊಳಗೆ ಅರ್ಧ ಖಾಲಿ. ಫ್ಯೂಸ್‌ಗಳನ್ನು ಒಂದೊಂದಾಗಿ ಕೀಳಿ ನೋಡಿ. ಹಳೇ ಗಾಡಿಗಳಲ್ಲಿ ಎಷ್ಟೋ ಸಾಲುಗಳು ಫ್ಯೂಸ್ ಇಲ್ಲದೆಯೇ ಹೋಗಿರುತ್ತವೆ, ಅವನ್ನು ಸ್ವಿಚ್‌ಗಳ ಹಿಂದೆ ವೈರ್ ಬಿಚ್ಚಿಯೇ ಹಿಡಿಯಬೇಕು. ಡಿಕ್ಕಿಯ ದೀಪ, ಹಾರ್ನ್ ರಿಲೇ, ಸ್ಟೀರಿಯೋಗೆಂದು ಯಾರೋ ನೇರವಾಗಿ ಎಳೆದ ವೈರ್, ಇವು ಸಾಮಾನ್ಯವಾಗಿ ಸಿಕ್ಕಿಬೀಳುವ ಕಳ್ಳರು.

ಡೈನಮೋ ಗಾಡಿಯಲ್ಲಿ ಇನ್ನೊಂದಿದೆ. ಕಟೌಟ್‌ನ ಪಾಯಿಂಟ್‌ಗಳು ಅಂಟಿಕೊಂಡರೆ, ಇಂಜಿನ್ ನಿಂತ ಮೇಲೂ ಬ್ಯಾಟರಿ ಕರೆಂಟ್ ಡೈನಮೋಗೆ ವಾಪಸ್ ಹರಿಯುತ್ತದೆ. ಇದು ಮಿಲಿಆಂಪಿಯರ್ ಮಾತಲ್ಲ, ವೈರ್ ಸುಡುವಷ್ಟು ಕರೆಂಟ್. ಗಾಡಿ ನಿಲ್ಲಿಸಿ ಅರ್ಧ ಗಂಟೆಯಾದ ಮೇಲೂ ಡೈನಮೋ ಮಾತ್ರ ಇಂಜಿನ್ನಿಗಿಂತ ಬಿಸಿ ಅನಿಸಿದರೆ ಬೇರೇನೂ ನೋಡದೆ ತಕ್ಷಣ ಬ್ಯಾಟರಿಯ ಅರ್ಥ್ ಕೇಬಲ್ ಕಳಚಿ.